ಊರು ಸಿಗುವ ತನಕ ಕಡಲು ದಾಟಬೇಡಿ: ಐರಿಷ್ ಹಿರಿಯರನ್ನು ಹುಡುಕುವ ಬಗೆ

ಹಾವೇರಿ ಕಡೆಯ ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು, ನಮ್ಮ ಕಟ್ಟೆಯ ಮುಂದೆ ನಿಂತು ಶುರು ಮಾಡಿದರೆ ಮುತ್ತಜ್ಜನ ಮುತ್ತಜ್ಜನವರೆಗೂ ಹೋಗುತ್ತಿದ್ದ. ಯಾರು ಯಾವ ಊರಿಂದ ಎದ್ದು ಬಂದರು, ಯಾರಿಗೆ ಎಷ್ಟು ಮಕ್ಕಳು, ಯಾರ ಹೊಲ ಯಾರ ಪಾಲಿಗೆ ಹೋಯಿತು, ಎಲ್ಲ. ಅವನ ಮೊದಲ ಮಾತು ಯಾವಾಗಲೂ ಮೂಲ ಊರಿನ ಹೆಸರೇ. ಅಪ್ಪ ಜೋಳ ಅಳೆದು ಕೊಟ್ಟು ಕಳಿಸುತ್ತಿದ್ದರು.

ನಾನೀಗ ಬಾಸ್ಟನ್ ಪಕ್ಕದಲ್ಲಿದ್ದೇನೆ. ಗಂಡನ ತಾಯಿಯ ಕಡೆಯವರು ಐರಿಷ್ ಮೂಲದವರು. ಮಗಳಿಗೆ ಐದನೇ ಕ್ಲಾಸಿನಲ್ಲಿ ವಂಶವೃಕ್ಷ ಬರೆದು ತರಲು ಹೇಳಿದರು. ನನ್ನ ಕಡೆಯ ಕೊಂಬೆ ಒಂದೇ ಫೋನಿನಲ್ಲಿ ಮುಗಿಯಿತು. ಆ ಕಡೆಯದು ಅತ್ತೆಯವರ ಅಜ್ಜಿ ನೋರಾ ಹತ್ತಿರ ಬಂದು ನಿಂತಿತು. "ಕಾರ್ಕ್‌ನಿಂದ ಬಂದಳು. ಎಲ್ಲಿಸ್ ಐಲ್ಯಾಂಡ್‌ನಲ್ಲಿ ನಮ್ಮ ಹೆಸರಿನ ಮುಂದಿದ್ದ 'ಓ' ಕಿತ್ತುಹಾಕಿದರು. ಅಷ್ಟೇ ಗೊತ್ತು," ಅಂದರು ಅತ್ತೆ. (ಎಲ್ಲಿಸ್ ಐಲ್ಯಾಂಡ್ ಅಂದರೆ ನ್ಯೂಯಾರ್ಕ್ ಬಂದರಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡಿ ಒಳಗೆ ಬಿಡುತ್ತಿದ್ದ ದ್ವೀಪ.) ಇದನ್ನು ಅವ್ವನಿಗೆ ಹೇಳಿದೆ. "ಅವರ ಮನಿಗೆ ಹೆಳವ ಬರೂದಿಲ್ಲೇನವಾ?" ಅಂದಳು.

ಬರುವುದಿಲ್ಲ. ಹಾಗಾಗಿ ಆ ಕೆಲಸಕ್ಕೆ ನಾನೇ ಕೂತೆ. ನಾಲ್ಕು ವರ್ಷ ಹಿಡಿಯಿತು. ನನ್ನ ಹಾಗೆ ಐರಿಷ್ ಮನೆಗೆ ಸೊಸೆಯಾಗಿಯೋ ಅಳಿಯನಾಗಿಯೋ ಸೇರಿದವರು ಆಗಾಗ ಕೇಳುತ್ತಿರುತ್ತಾರೆ, ಎಲ್ಲಿಂದ ಶುರು ಮಾಡಬೇಕು ಅಂತ. ನಾನು ಎಡವಿದ ಜಾಗಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನೋರಾಳ ಮನೆತನದ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಸಲಿವನ್, ಮೆಕಾರ್ಥಿ, ಡ್ರಿಸ್ಕಲ್, ಇಂಥದ್ದೇ ಒಂದು ಅಂದುಕೊಳ್ಳಿ. ಕಾರ್ಕ್‌ನಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದರೂ ಈ ಹೆಸರಿನವರ ಮನೆ ಮೇಲೆ ಬೀಳುತ್ತದೆ.

ತಪ್ಪು ನೋರಾ

ಹೆಸರು ಗೊತ್ತಾದ ಕೂಡಲೇ ನಾನು ಮಾಡಿದ್ದು, ಸೀದಾ ಐರ್ಲೆಂಡಿನ ದಾಖಲೆಗಳಲ್ಲಿ ಆ ಹೆಸರು ಹಾಕಿ ಹುಡುಕಿದ್ದು. ನೋರಾಗಳು ಹಿಂಡುಗಟ್ಟಲೆ ಸಿಕ್ಕರು. ವಯಸ್ಸು ಹೊಂದುವ ಒಬ್ಬಳನ್ನು ಆರಿಸಿಕೊಂಡೆ. ಯಾರೋ ಅಪರಿಚಿತರು ಆನ್‌ಲೈನ್‌ನಲ್ಲಿ ಬರೆದಿಟ್ಟ ವಂಶವೃಕ್ಷದಲ್ಲೂ ಅವಳೇ ಇದ್ದಳು. ಸರಿ, ಇನ್ನೇನು ಬೇಕು? ನವೆಂಬರಿನಿಂದ ಮಾರ್ಚ್‌ವರೆಗೆ ಅವಳ ಅಪ್ಪ, ಅಜ್ಜ, ಚಿಕ್ಕಪ್ಪಂದಿರನ್ನೆಲ್ಲ ಹುಡುಕಿ ಹುಡುಕಿ ಬರೆದೆ. ಏಪ್ರಿಲ್‌ನಲ್ಲಿ ನೋಡಿದರೆ ಅದೇ ನೋರಾ 1911ರ ಜನಗಣತಿಯಲ್ಲಿ ಕಾರ್ಕ್‌ನಲ್ಲೇ ಗಂಡ, ಐದು ಮಕ್ಕಳ ಜೊತೆ ಹಾಯಾಗಿ ಕೂತಿದ್ದಾಳೆ. ನಮ್ಮ ನೋರಾ ಅಷ್ಟೊತ್ತಿಗೆ ಬಾಸ್ಟನ್ ಸೇರಿ 18 ವರ್ಷವಾಗಿತ್ತು.

ದೊಡ್ಡವರೂ ಹೀಗೆ ಬಿದ್ದಿದ್ದಾರೆ. ಎಲ್ಲಿಸ್ ಐಲ್ಯಾಂಡ್ 1892ರ ಜನವರಿ 1ರಂದು ಬಾಗಿಲು ತೆರೆದಾಗ ಮೊದಲು ಒಳಗೆ ಬಂದವಳು ಕಾರ್ಕ್‌ನ 17 ವರ್ಷದ ಹುಡುಗಿ ಆನಿ ಮೂರ್. ಜೊತೆಗೆ ಇಬ್ಬರು ತಮ್ಮಂದಿರು. ಅವಳು ಆಮೇಲೆ ಟೆಕ್ಸಸ್ ಕಡೆ ಹೋಗಿ ಅಲ್ಲೇ 1923ರಲ್ಲಿ ತೀರಿಕೊಂಡಳು ಎಂದು ಎಲ್ಲರೂ ಬಹಳ ಕಾಲ ನಂಬಿದ್ದರು. ಮೇಗನ್ ಸ್ಮೊಲೆನ್ಯಾಕ್ ಎಂಬ ವಂಶಾವಳಿ ಸಂಶೋಧಕಿ ದಾಖಲೆ ಕೆದಕಿ, 2006ರಲ್ಲಿ ನಿಜ ಹೊರಗೆ ತಂದರು. ಟೆಕ್ಸಸ್‌ನ ಆನಿ ಹುಟ್ಟಿದ್ದೇ ಅಮೆರಿಕದ ಇಲಿನಾಯ್‌ನಲ್ಲಿ! ನಿಜವಾದ ಆನಿ ನ್ಯೂಯಾರ್ಕ್‌ನಲ್ಲೇ ಮದುವೆಯಾಗಿ, ಅಲ್ಲೇ 1924ರಲ್ಲಿ ಸತ್ತು, ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದಲ್ಲಿ ಹೆಸರಿನ ಕಲ್ಲೂ ಇಲ್ಲದೆ ಮಲಗಿದ್ದಳು. ಪ್ರತಿಮೆಯಾಗಿ ನಿಂತವಳ ಕಥೆಯೇ ಹೀಗಾದರೆ ನಮ್ಮ ನೋರಾ ಯಾವ ಲೆಕ್ಕ.

ಹೆಸರು ಮತ್ತು ವಯಸ್ಸು ಹೊಂದಿದರೆ ಸಾಲದು. ಊರು ಬೇಕು. ಊರು ಅಂದರೆ ಐರ್ಲೆಂಡಿನ ಮಟ್ಟಿಗೆ ಟೌನ್‌ಲ್ಯಾಂಡ್. ಹೆಸರಲ್ಲಿ ಟೌನ್ ಇದೆ ಅಂತ ಪೇಟೆ ಅಂದುಕೊಳ್ಳಬೇಡಿ. ಅದು ಗಡಿ ಹಾಕಿದ ಒಂದಷ್ಟು ಹೊಲ, ಹುಲ್ಲುಗಾವಲು, ನಾಲ್ಕಾರು ಮನೆ. ನಮ್ಮ ಕಡೆ ದೊಡ್ಡ ಊರಿಗೆ ಸೇರಿದ ಮಜರೆ ಹಳ್ಳಿ ಇರುತ್ತದಲ್ಲ, ಹೆಚ್ಚುಕಮ್ಮಿ ಹಾಗೆ. ಇಂಥವು ಅಲ್ಲಿ 60,000ಕ್ಕೂ ಜಾಸ್ತಿ ಇವೆ. ಟೌನ್‌ಲ್ಯಾಂಡ್‌ಗಳು ಸೇರಿ ಪ್ಯಾರಿಷ್, ಪ್ಯಾರಿಷ್‌ಗಳು ಸೇರಿ ಬ್ಯಾರನಿ, ಅದರ ಮೇಲೆ ಕೌಂಟಿ. ಕೌಂಟಿಗಳು 32. "ಕಾರ್ಕ್" ಅನ್ನುವುದು ಕೌಂಟಿಯ ಹೆಸರು. ಅಷ್ಟನ್ನೇ ಹಿಡಿದು ಹೊರಡುವುದು ಧಾರವಾಡ ಜಿಲ್ಲೆಯಲ್ಲಿ ಬಸಪ್ಪನ ಮನೆ ಎಲ್ಲಿ ಅಂತ ಕೇಳಿದ ಹಾಗೆ.

ಆದ್ದರಿಂದ ನನ್ನ ಒಂದೇ ಕಟ್ಟುನಿಟ್ಟು: ಕಡೇಪಕ್ಷ ಪ್ಯಾರಿಷ್ ಹೆಸರು ಸಿಗುವ ತನಕ ಐರ್ಲೆಂಡಿನ ದಾಖಲೆ ಮುಟ್ಟಬೇಡಿ. ಆ ಹೆಸರು ಇರುವುದು ಹೆಚ್ಚಾಗಿ ಈ ದಡದ ಕಾಗದಗಳಲ್ಲೇ.

ಈ ದಡದ ಕಾಗದಗಳು

ಗೊತ್ತಿರುವ ಕಡೆಯಿಂದ ಹಿಂದಕ್ಕೆ ಹೋಗಿ. ಸಾವು, ಮದುವೆ, ಮಕ್ಕಳ ಹುಟ್ಟು, ಜನಗಣತಿ. ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟು-ಮದುವೆ-ಸಾವಿನ ನೋಂದಣಿ 1841ರಿಂದ ಇದೆ. ಇದು ನಮ್ಮ ಪುಣ್ಯ. ಹಲವು ರಾಜ್ಯಗಳಲ್ಲಿ ಬಹಳ ತಡವಾಗಿ ಶುರುವಾಯಿತು. ಫ್ಯಾಮಿಲಿಸರ್ಚ್ ಎಂಬ ವೆಬ್‌ಸೈಟಿನಲ್ಲಿ ಒಂದು ಉಚಿತ ಖಾತೆ ತೆರೆದರೆ ಇದರಲ್ಲಿ ಬಹಳಷ್ಟು ಸಿಗುತ್ತದೆ. ದುಡ್ಡು ಕೊಟ್ಟು ಸದಸ್ಯರಾಗುವ ವೆಬ್‌ಸೈಟಿಗೆ ಹೋಗುವ ಮುಂಚೆ ನಿಮ್ಮೂರಿನ ಲೈಬ್ರರಿಯಲ್ಲಿ ಕೇಳಿ. ಎಷ್ಟೋ ಕಡೆ ಅಲ್ಲಿನ ಕಂಪ್ಯೂಟರಿನಲ್ಲಿ ಸುಮ್ನೆ ನೋಡಬಹುದು.

ನೋರಾಳ ಮರಣಪತ್ರದಲ್ಲಿ ಹುಟ್ಟಿದ ಜಾಗ "ಐರ್ಲೆಂಡ್" ಅಂತ ಇತ್ತು. ಅಷ್ಟೇ. ಮರಣಪತ್ರದ ಮಾಹಿತಿ ಕೊಡುವವರು ಸತ್ತವರಲ್ಲ, ದುಃಖದಲ್ಲಿರುವ ಮಗನೋ ಸೊಸೆಯೋ. ಅವರಿಗೆ ಗೊತ್ತಿದ್ದಷ್ಟು ಬರೆಸುತ್ತಾರೆ. ಮದುವೆಯ ದಾಖಲೆ ಹಾಗಲ್ಲ, ಅಲ್ಲಿ ಹುಡುಗಿ ತಾನೇ ನಿಂತು ಹೇಳಿರುತ್ತಾಳೆ. ನೋರಾಳ 1899ರ ಮದುವೆ ದಾಖಲೆಯಲ್ಲಿ ಅಪ್ಪನ ಹೆಸರು ಜೆರೆಮಾಯಾ, ಅಮ್ಮನ ಹೆಸರು ಎಲೆನ್, ಜೊತೆಗೆ ಅಮ್ಮನ ತವರುಮನೆ ಹೆಸರು. ಈ ತವರುಮನೆ ಹೆಸರನ್ನು ಜೋಪಾನ ಮಾಡಿ. ಸಾವಿರ ನೋರಾಗಳಲ್ಲಿ ನಿಮ್ಮವಳನ್ನು ಬೇರೆ ಮಾಡಿ ತೋರಿಸುವುದು ಅದೇ.

ಅಮೆರಿಕದ ಜನಗಣತಿ ಹತ್ತು ವರ್ಷಕ್ಕೊಮ್ಮೆ. ಮನೆಯ ಎಲ್ಲರ ಹೆಸರು ಸಿಗುವುದು 1850ರಿಂದ. 1890ರದ್ದು ಬಹುಪಾಲು ನಾಶವಾಗಿದೆ. ವಾಷಿಂಗ್ಟನ್‌ನಲ್ಲಿ 1921ರಲ್ಲಿ ಬಿದ್ದ ಬೆಂಕಿಯ ದೆಸೆಯಿಂದ. ವಲಸೆ ಬಂದವರಿಗೆ 1900ರದ್ದು ಬಂಗಾರ: ಹುಟ್ಟಿದ ತಿಂಗಳು, ವರ್ಷ, ಅಮೆರಿಕಕ್ಕೆ ಬಂದ ವರ್ಷ, ಹೆತ್ತ ಮಕ್ಕಳೆಷ್ಟು, ಉಳಿದವರೆಷ್ಟು, ಎಲ್ಲ ಇರುತ್ತದೆ. ನೋರಾ ಎದುರಿಗೆ 1893 ಎಂದಿತ್ತು.

ಆ ವರ್ಷ ಹಿಡಿದು ಹಡಗಿನ ಪಟ್ಟಿ ನೋಡಿದೆ. ಕ್ವೀನ್ಸ್‌ಟೌನ್‌ನಿಂದ (ಈಗಿನ ಕೋವ್) ಬಾಸ್ಟನ್‌ಗೆ ಬಂದ ಹಡಗು! ನೋರಾ ಎಲ್ಲಿಸ್ ಐಲ್ಯಾಂಡ್ ನೋಡೇ ಇರಲಿಲ್ಲ. ಅತ್ತೆಗೆ ಹೇಳಿದಾಗ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಎಲ್ಲಿಸ್ ಐಲ್ಯಾಂಡ್‌ನಲ್ಲಿ ಹೆಸರು ಬದಲಿಸಿದರು ಅನ್ನುವ ಕಥೆ ಐರಿಷ್ ಮನೆ ಒಂದೇ ಅಲ್ಲ, ಇಟಲಿಯವರ ಮನೆಯಲ್ಲೂ ಕೇಳಿಬರುತ್ತದೆ. ಅಧಿಕಾರಿಗಳ ಕೈಯಲ್ಲಿರುತ್ತಿದ್ದದ್ದು ಹಡಗಿನವರು ಮೊದಲೇ ಬರೆದು ತಂದ ಪಟ್ಟಿ. ಅದರಲ್ಲಿದ್ದ ಹೆಸರಿಗೆ ಗುರುತು ಹಾಕುವುದಷ್ಟೇ ಅವರ ಕೆಲಸ. ಆ 'ಓ' ಐರ್ಲೆಂಡಿನಲ್ಲೇ, ಇಂಗ್ಲಿಷರ ಆಳ್ವಿಕೆಯಲ್ಲಿ, ಎಷ್ಟೋ ಮನೆಗಳಲ್ಲಿ ಉದುರಿಹೋಗಿತ್ತು. ಆದ್ದರಿಂದ ಹುಡುಕುವಾಗ 'ಓ', 'ಮೆಕ್' ಇಟ್ಟೂ ಹುಡುಕಿ, ಬಿಟ್ಟೂ ಹುಡುಕಿ.

ಹಡಗಿನ ಪಟ್ಟಿಯಿಂದ ಊರು ಸಿಗುತ್ತದೆ ಅಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 1907ರ ನಂತರ ಬಂದವರಾದರೆ ಊರಲ್ಲಿರುವ ಹತ್ತಿರದ ನೆಂಟರ ಹೆಸರು, ವಿಳಾಸ ಇರುತ್ತದೆ. ಅದಕ್ಕಿಂತ ಮುಂಚಿನವರಿಗೆ ಹೆಚ್ಚಾಗಿ "ಐರಿಷ್, ಕೂಲಿ", "ಐರಿಷ್, ಮನೆಗೆಲಸ". ಪೌರತ್ವದ ಕಾಗದಗಳದ್ದೂ ಇದೇ ಹಣೆಬರಹ. 1906ರ ಸೆಪ್ಟೆಂಬರ್‌ಗೆ ಮುಂಚಿನವುಗಳಲ್ಲಿ ದೇಶದ ಹೆಸರು ಬಿಟ್ಟರೆ ಏನೂ ಇರುವುದಿಲ್ಲ ಅನ್ನಬಹುದು. ಹೆಂಗಸರಿಗಂತೂ 1922ರ ತನಕ ಗಂಡನ ಪೌರತ್ವವೇ ಪೌರತ್ವ. ನೋರಾ ಹೆಸರಲ್ಲಿ ಒಂದು ಕಾಗದವೂ ಇಲ್ಲ.

ಅದಕ್ಕಿಂತ ಹಿಂದೆ, 1845ರಿಂದ ಐರ್ಲೆಂಡಿಗೆ ಬಿದ್ದ ಬರಗಾಲದ ಕಾಲದಲ್ಲಿ ಬಂದವರಾದರೆ ಎರಡು ಕಡೆ ತಪ್ಪದೆ ನೋಡಿ. ಬಾಸ್ಟನ್‌ನ ಕ್ಯಾಥೊಲಿಕ್ ಪತ್ರಿಕೆ 'ದಿ ಪೈಲಟ್'ನಲ್ಲಿ 1831ರಿಂದ 1921ರವರೆಗೆ ಕಾಣೆಯಾದವರ ಜಾಹೀರಾತು ಬರುತ್ತಿತ್ತು. ಇಂಥ ಪ್ಯಾರಿಷ್‌ನ, ಇಂಥವರ ಮಗ, ಇಂಥ ವರ್ಷ ಇಂಥ ಕಡೆ ಇಳಿದ, ಆಮೇಲೆ ಸುದ್ದಿಯಿಲ್ಲ, ತಂಗಿ ಹುಡುಕುತ್ತಿದ್ದಾಳೆ. ಬಾಸ್ಟನ್ ಕಾಲೇಜ್ ಇವನ್ನೆಲ್ಲ ಹುಡುಕಲು ಬರುವ ಹಾಗೆ ಜೋಡಿಸಿಟ್ಟಿದೆ. ಓದುತ್ತಾ ಕೂತರೆ ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ, ಕಣ್ಣು ಒದ್ದೆಯಾಗುತ್ತದೆ. ನ್ಯೂಯಾರ್ಕ್‌ಗೆ ಬಂದವರಾದರೆ 1850ರಲ್ಲಿ ಶುರುವಾದ ಎಮಿಗ್ರೆಂಟ್ ಇಂಡಸ್ಟ್ರಿಯಲ್ ಸೇವಿಂಗ್ಸ್ ಬ್ಯಾಂಕ್. ಖಾತೆದಾರ ತಾನೇ ಹೌದೋ ಅಲ್ಲವೋ ಅಂತ ಪರೀಕ್ಷಿಸಲು ಬ್ಯಾಂಕಿನವರು ಅವನ ಊರು, ಅಪ್ಪ-ಅಮ್ಮ, ಒಡಹುಟ್ಟಿದವರು, ಬಂದ ಹಡಗು ಎಲ್ಲ ಕೇಳಿ ಬರೆದಿಟ್ಟುಕೊಳ್ಳುತ್ತಿದ್ದರು. ಈಗ ಬ್ಯಾಂಕಿನವರು ತಾಯಿಯ ತವರುಮನೆ ಹೆಸರು ಕೇಳುತ್ತಾರಲ್ಲ, ಅದರ ಅಜ್ಜಿ ಇದು.

ಡೀಲಿಯಾಳ ಕಲ್ಲು

ನೋರಾ ವಿಷಯದಲ್ಲಿ ಇದಾವುದೂ ಆಗಿಬರಲಿಲ್ಲ. ಇಂಥ ಹೊತ್ತಲ್ಲಿ ಮಾಡುವ ಕೆಲಸ ಒಂದೇ: ಅವಳನ್ನು ಬಿಟ್ಟು ಅವಳ ಸುತ್ತ ಇದ್ದವರನ್ನು ಹಿಡಿಯುವುದು. ಒಂದೇ ಊರಿನವರು ಒಂದೇ ಬೀದಿಗೆ ಬಂದು ಸೇರುತ್ತಾರೆ. ಮದುವೆಗೆ ಸಾಕ್ಷಿ ಹಾಕಿದವರು, ಮಕ್ಕಳ ದೀಕ್ಷಾಸ್ನಾನಕ್ಕೆ ನಿಂತ ಧರ್ಮಪಿತ, ಧರ್ಮಮಾತೆ, ಪಕ್ಕದ ಮನೆಯವರು, ಎಲ್ಲರನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳಿ.

1910ರ ಜನಗಣತಿಯಲ್ಲಿ ನೋರಾಳ ಮನೆಯಲ್ಲಿ ಡೀಲಿಯಾ ಅಂತ ಒಬ್ಬಳು ಇದ್ದಳು. ಯಜಮಾನನ ನಾದಿನಿ, ಮದುವೆಯಾಗಿಲ್ಲ, ಮನೆಗೆಲಸದವಳು. ಅತ್ತೆ ಆ ಹೆಸರೇ ಕೇಳಿರಲಿಲ್ಲ. ಮದುವೆ ಇಲ್ಲ, ಮಕ್ಕಳಿಲ್ಲ, ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಬಾಸ್ಟನ್‌ನ ಶ್ರೀಮಂತರ ಮನೆಗಳಲ್ಲಿ ಪಾತ್ರೆ ತಿಕ್ಕಿ, ಬಟ್ಟೆ ಇಸ್ತ್ರಿ ಮಾಡಿ, ಊರಿಗೆ ದುಡ್ಡು ಕಳಿಸಿ, ತಂಗಿಯರಿಗೆ ಟಿಕೆಟ್ ತೆಗೆದುಕೊಟ್ಟ ಇಂಥ ಅಕ್ಕಂದಿರು ಲೆಕ್ಕವಿಲ್ಲದಷ್ಟು.

ಸ್ಮಶಾನದ ಆಫೀಸಿನಲ್ಲಿ ಹೆಸರು, ಸತ್ತ ವರ್ಷ ಕೊಟ್ಟೆ. ಜಾಗದ ನಂಬರ್ ಬರೆದುಕೊಟ್ಟರು. ಹೋಗಿ ನೋಡಿದರೆ ಮೊಣಕಾಲೆತ್ತರದ ಬಿಳಿ ಕಲ್ಲು, ಅಕ್ಷರವೆಲ್ಲ ಸವೆದು ಹೋಗಿವೆ. ನಟ್ಟನಡು ಮಧ್ಯಾಹ್ನ, ಏನೂ ಕಾಣದು. ಇಲ್ಲಿ ಒಂದು ಮಾತು: ಕಲ್ಲಿಗೆ ಸೀಮೆಸುಣ್ಣ ಬಳಿಯಬೇಡಿ, ಶೇವಿಂಗ್ ಕ್ರೀಮ್ ಹಚ್ಚಬೇಡಿ, ಬ್ರಷ್‌ನಿಂದ ತಿಕ್ಕಬೇಡಿ. ಕಲ್ಲು ಹಾಳಾಗುತ್ತದೆ. ಬೇಕಾದ್ದು ಓರೆ ಬೆಳಕು. ಮುಂದಿನ ಭಾನುವಾರ ಬಚ್ಚಲುಮನೆಯ ಕನ್ನಡಿ ಕಿತ್ತುಕೊಂಡು ಹೋದೆವು. ಗಂಡ ಕನ್ನಡಿ ಹಿಡಿದು ಬಿಸಿಲನ್ನು ಕಲ್ಲಿನ ಪಕ್ಕದಿಂದ ಸವರಿದ ಹಾಗೆ ಬಿಟ್ಟರು. ಸವೆದ ಅಕ್ಷರದ ಅಂಚಿಗೆ ನೆರಳು ಬಿತ್ತು. ಮೊದಲು "ನೇಟಿವ್ ಆಫ್" ಕಂಡಿತು. ಅದರ ಕೆಳಗೆ ಪ್ಯಾರಿಷ್‌ನ ಹೆಸರು ಒಂದೊಂದೇ ಅಕ್ಷರವಾಗಿ ಎದ್ದಿತು. ಕೊನೆಗೆ "ಕೌಂಟಿ ಕಾರ್ಕ್". ಮಗಳು ಜೋರಾಗಿ ಓದುತ್ತಿದ್ದಳು, ನಾನು ಕೈ ನಡುಗುತ್ತಾ ಬರೆದುಕೊಳ್ಳುತ್ತಿದ್ದೆ. ಸ್ಕಿಬರೀನ್ ಪೇಟೆಯ ಹತ್ತಿರದ ಪ್ಯಾರಿಷ್ ಅದು.

ಐರಿಷ್ ಜನ ಅಮೆರಿಕದಲ್ಲಿ ಗೋರಿಕಲ್ಲಿನ ಮೇಲೆ ಕೌಂಟಿ, ಒಮ್ಮೊಮ್ಮೆ ಪ್ಯಾರಿಷ್ ಕೂಡ ಕೆತ್ತಿಸುವುದು ಇತ್ತು. ಸರ್ಕಾರದ ಕಾಗದದಲ್ಲಿ ಬರೀ "ಐರ್ಲೆಂಡ್" ಆದವರು ಕಲ್ಲಿನ ಮೇಲೆ ಊರಿನವರಾಗಿಯೇ ಉಳಿದಿದ್ದಾರೆ. ಕಲ್ಲು ಇಲ್ಲದಿದ್ದರೆ ಚರ್ಚಿನ ಮದುವೆ ಪುಸ್ತಕ ನೋಡಿ. ಪಾದ್ರಿಗಳು ಕೆಲವೊಮ್ಮೆ ಐರ್ಲೆಂಡಿನ ಪ್ಯಾರಿಷ್ ಬರೆದಿರುತ್ತಾರೆ. ಬಾಸ್ಟನ್ ಧರ್ಮಪ್ರಾಂತ್ಯದ ಹಳೆಯ ಪುಸ್ತಕಗಳು ಅಮೆರಿಕನ್ ಆನ್ಸೆಸ್ಟರ್ಸ್ ವೆಬ್‌ಸೈಟಿನಲ್ಲಿವೆ.

ಸುಟ್ಟದ್ದು, ಉಳಿದದ್ದು

ಈಗ ಕಡಲು ದಾಟಬಹುದು. "ಐರ್ಲೆಂಡಿನ ದಾಖಲೆ ಎಲ್ಲ ಸುಟ್ಟುಹೋಗಿದೆ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅರ್ಧ ನಿಜ. 1922ರ ಜೂನ್ 30ರಂದು, ಅಂತರ್ಯುದ್ಧದ ಶುರುವಿನಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ದಾಖಲೆ ಕಚೇರಿ ಸ್ಫೋಟ, ಬೆಂಕಿಗೆ ಸಿಕ್ಕಿ ನಾಶವಾಯಿತು. 1821, 1831, 1841, 1851ರ ಜನಗಣತಿ ಬಹುಪಾಲು ಅಲ್ಲೇ ಬೂದಿಯಾಯಿತು. 1861, 1871ರದ್ದನ್ನು ಸರ್ಕಾರವೇ ಮೊದಲೇ ನಾಶ ಮಾಡಿತ್ತು. 1881, 1891ರದ್ದು ಮೊದಲ ಮಹಾಯುದ್ಧದ ಹೊತ್ತಿಗೆ ರದ್ದಿಗೆ ಹೋಯಿತು. ಅಂದರೆ ಬೆಂಕಿಗಿಂತ ಗುಮಾಸ್ತರ ಕೈಯೇನು ಕಡಿಮೆಯಿಲ್ಲ.

ಪೂರ್ತಿ ಉಳಿದಿರುವುದು 1901 ಮತ್ತು 1911ರ ಎಣಿಕೆ. ಎರಡೂ ಐರ್ಲೆಂಡಿನ ರಾಷ್ಟ್ರೀಯ ದಾಖಲಾಲಯದ ವೆಬ್‌ಸೈಟಿನಲ್ಲಿ ಉಚಿತ. 1926ರ ಏಪ್ರಿಲ್‌ನ ಎಣಿಕೆಗೆ ನೂರು ವರ್ಷ ಮುಚ್ಚಿಡುವ ನಿಯಮ, ಅದರ ಗಡುವು 2026ರ ಏಪ್ರಿಲ್. ಸುಟ್ಟ ದಾಖಲೆಗಳ ನಕಲುಗಳನ್ನು ಬೇರೆ ಬೇರೆ ಕಡೆಯಿಂದ ಹುಡುಕಿ ಜೋಡಿಸುವ ವರ್ಚುವಲ್ ರೆಕಾರ್ಡ್ ಟ್ರೆಷರಿ ಎಂಬ ಕೆಲಸವೂ 2022ರಿಂದ ಜನರಿಗೆ ತೆರೆದಿದೆ.

"ನಮ್ಮವಳು 1893ಕ್ಕೇ ಬಂದಳಲ್ಲ, 1911 ಯಾಕೆ?" ಅಂದರು ಗಂಡ. ಹೋದವಳು ಅವಳು. ಅವಳ ಅಪ್ಪ-ಅಮ್ಮ ಅಲ್ಲೇ ಇದ್ದರಲ್ವಾ?

ಜೆರೆಮಾಯಾ, ಎಲೆನ್ ಇಬ್ಬರೂ ಒಂದೇ ಮನೆಯಲ್ಲಿರುವ ಕಡೆ ಆ ಪ್ಯಾರಿಷ್ ಸುತ್ತ ಮೂರು ಸಿಕ್ಕವು. ಎರಡು ಮನೆಯಲ್ಲಿ ವಯಸ್ಸು ಹೊಂದಲಿಲ್ಲ. ಮೂರನೆಯದರ ಫಾರಂ ತೆರೆದೆ. ಮುದ್ರಿತ ಅಕ್ಷರದ ಪಟ್ಟಿ ನೋಡಿ ಸುಮ್ಮನಾಗಬೇಡಿ, ಮೂಲ ಫಾರಂನ ಚಿತ್ರವನ್ನೇ ತೆರೆಯಿರಿ. ಓದು ಬರಹದ ಕಾಲಮ್ಮಿನಲ್ಲಿ ಇಬ್ಬರಿಗೂ "ಓದಲು ಬಾರದು". ಭಾಷೆಯ ಕಾಲಮ್ಮಿನಲ್ಲಿ "ಐರಿಷ್ ಮತ್ತು ಇಂಗ್ಲಿಷ್". ಸಹಿಯ ಜಾಗದಲ್ಲಿ ಒಂದು ಗುಣಾಕಾರದ ಗುರುತು, ಪಕ್ಕದಲ್ಲಿ "ಅವನ ಗುರುತು" ಅಂತ ಎಣಿಕೆಗೆ ಬಂದ ಪೊಲೀಸಿನವನ ಅಕ್ಷರ. ಮದುವೆಯಾಗಿ 45 ವರ್ಷ, ಹುಟ್ಟಿದ ಮಕ್ಕಳು 10, ಬದುಕಿರುವವರು 7. ಇನ್ನೊಂದು ಫಾರಂನಲ್ಲಿ ಮನೆಯ ವಿವರ: ಹುಲ್ಲಿನ ಮಾಡು, ಮುಂದುಗಡೆ ಕಿಟಕಿ ಎರಡು. ಮತ್ತೊಂದರಲ್ಲಿ ಹಟ್ಟಿಗಳು: ದನದ ಕೊಟ್ಟಿಗೆ ಒಂದು, ಹಂದಿಗೂಡು ಒಂದು, ಕೋಳಿಗೂಡು ಒಂದು. ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ಹಂದಿ ಸುದ್ದಿಗೆ ಸ್ವಲ್ಪ ಸುಮ್ಮನಾದಳು. "ಆಕಳು ಎಷ್ಟಿದ್ದವಂತ?" ಅಂದಳು ಆಮೇಲೆ.

ಜೆರೆಮಾಯಾನ ವಯಸ್ಸು 1901ರಲ್ಲಿ 58. 1911ರಲ್ಲಿ 72! ಹತ್ತು ವರ್ಷದಲ್ಲಿ ಹದಿನಾಲ್ಕು ವರ್ಷ ಮುದುಕನಾಗಿದ್ದಾನೆ. ಇದನ್ನು ನೋಡಿ ಬೇರೆ ಮನುಷ್ಯ ಅಂತ ಬಿಟ್ಟುಬಿಡಬೇಡಿ. 1909ರ ಜನವರಿಯಿಂದ 70 ತುಂಬಿದವರಿಗೆ ವೃದ್ಧಾಪ್ಯ ಪಿಂಚಣಿ ಶುರುವಾಗಿತ್ತು. ಐರ್ಲೆಂಡಿನ ಹಳ್ಳಿಗಳಲ್ಲಿ ಎಲ್ಲರಿಗೂ ಒಮ್ಮೆಲೇ ವಯಸ್ಸಾಯಿತು. ನಮ್ಮಲ್ಲಿ ಆಗುವುದಿಲ್ಲವಾ? ಹುಟ್ಟಿದ ದಿನ ಬರೆದಿಟ್ಟವರು ಯಾರೂ ಇರಲಿಲ್ಲ. ಪಿಂಚಣಿಗೆ ವಯಸ್ಸು ತೋರಿಸಲು ಆಗ ಜನ 1841, 1851ರ ಜನಗಣತಿಯಲ್ಲಿ ಹುಡುಕಿಸಲು ಅರ್ಜಿ ಹಾಕುತ್ತಿದ್ದರು. ಎಣಿಕೆಯ ಪುಸ್ತಕ ಸುಟ್ಟುಹೋದರೂ ಆ ಅರ್ಜಿಗಳು ಉಳಿದಿವೆ. ಅವೂ ರಾಷ್ಟ್ರೀಯ ದಾಖಲಾಲಯದ ವೆಬ್‌ಸೈಟಿನಲ್ಲೇ ಇವೆ. ನಿಮ್ಮ ಮನೆಯದು ಸಿಕ್ಕಿದರೆ ಲಾಟರಿ ಹೊಡೆದ ಹಾಗೆ.

ಹುಟ್ಟು, ಮದುವೆ, ಪಾದ್ರಿಯ ಲ್ಯಾಟಿನ್

ಸರ್ಕಾರಿ ನೋಂದಣಿ ಎಲ್ಲರಿಗೂ ಶುರುವಾದದ್ದು 1864ರಲ್ಲಿ. ಕ್ಯಾಥೊಲಿಕ್ ಅಲ್ಲದವರ ಮದುವೆ ಮಾತ್ರ 1845ರಿಂದ. ಹಳೆಯ ಪುಟಗಳ ಚಿತ್ರಗಳು ಐರಿಷ್‌ಜೀನಿಯಾಲಜಿ ಡಾಟ್ ಐಇ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ಉಚಿತ: ನೂರು ವರ್ಷ ಕಳೆದ ಹುಟ್ಟು, 75 ವರ್ಷ ಕಳೆದ ಮದುವೆ, 50 ವರ್ಷ ಕಳೆದ ಸಾವು. ಇವು ಉಚಿತವಾಗಿದ್ದರೂ ದುಡ್ಡು ಕೊಟ್ಟು ಬೇರೆ ಕಡೆ ಬರೀ ಸೂಚಿ ನೋಡುವವರಿದ್ದಾರೆ. ನಾನೂ ಆರು ತಿಂಗಳು ಕೊಟ್ಟೆ.

ಇಲ್ಲಿ ನೋರಾ ಸಿಗಲಿಲ್ಲ. ಹೊನೋರಾ ಸಿಕ್ಕಳು. ಡೀಲಿಯಾ ಅಂತೂ ಎಲ್ಲೂ ಇಲ್ಲ. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಡೀಲಿಯಾ ಅಂದರೆ ಬ್ರಿಜೆಟ್. ಆ ಕಾಲದ ಅಮೆರಿಕದಲ್ಲಿ ಬ್ರಿಜೆಟ್ ಅಂದರೆ ಮನೆಗೆಲಸದವಳು ಅಂತ ಹಂಗಿಸುವ ಹೆಸರಾಗಿತ್ತು, ಬಹಳ ಜನ ಅದನ್ನು ಬಿಟ್ಟರು. ಇಂಥ ಜೋಡಿಗಳನ್ನು ತಿಳಿದಿಟ್ಟುಕೊಳ್ಳಿ: ಜೆರೆಮಾಯಾ ಎಂದರೆ ಡಾರ್ಬಿ ಕೂಡ, ಕಾರ್ನೀಲಿಯಸ್ ಎಂದರೆ ಕಾನ್, ಮಾರ್ಗರೆಟ್ ಎಂದರೆ ಪೆಗ್ಗಿ. ನಮ್ಮ ಬಸವಣ್ಣೆಪ್ಪ ಬಸ್ಯಾ ಆದ ಹಾಗೆ.

ಹುಟ್ಟಿನ ದಾಖಲೆಯಲ್ಲಿ ಅಮ್ಮನ ತವರುಮನೆ ಹೆಸರು ಇರುತ್ತದೆ. ಬಾಸ್ಟನ್‌ನ ಮದುವೆ ದಾಖಲೆಯ ಹೆಸರಿಗೆ ತಾಳೆ ನೋಡಿದೆ. ಹೊಂದಿತು. ಹುಟ್ಟಿದ ಜಾಗದ ಕಾಲಮ್ಮಿನಲ್ಲಿ ಟೌನ್‌ಲ್ಯಾಂಡ್‌ನ ಹೆಸರು, 1911ರ ಫಾರಂನಲ್ಲಿ ಇದ್ದದ್ದೇ. ಅಂತೂ ಊರು ಸಿಕ್ಕಿತು. ಆ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ, ಅಲ್ಲಿ ಈಗಲೂ ನೆಂಟರಿದ್ದಾರೆ.

ಒಂದು ತಮಾಷೆ. ಸರ್ಕಾರಿ ಪುಸ್ತಕದ ಪ್ರಕಾರ ನೋರಾ ಹುಟ್ಟಿದ್ದು ಮಾರ್ಚ್ 10. ಚರ್ಚಿನಲ್ಲಿ ದೀಕ್ಷಾಸ್ನಾನ ಆದದ್ದು ಮಾರ್ಚ್ 3. ಹುಟ್ಟುವ ಮೊದಲೇ ಹೆಸರಿಟ್ಟರಾ? ತಡವಾಗಿ ಬರೆಸಿದರೆ ದಂಡ ಕಟ್ಟಬೇಕಿತ್ತು. ಅದಕ್ಕೆ ದಿನ ಮುಂದಕ್ಕೆ ಹಾಕಿ ಹೇಳುತ್ತಿದ್ದರು. ಎರಡು ಬೇರೆ ಬೇರೆ ಇದ್ದರೆ ಚರ್ಚನ್ನೇ ನಂಬಿ.

ಕ್ಯಾಥೊಲಿಕ್ ಚರ್ಚಿನ ಪುಸ್ತಕಗಳು ಸುಟ್ಟಿಲ್ಲ. ಕ್ಯಾಥೊಲಿಕ್ ಪ್ಯಾರಿಷ್‌ಗಳದ್ದು ಸುಮಾರು 1880ರವರೆಗಿನವು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ 2015ರಿಂದ ಉಚಿತ. ಎಚ್ಚರ ಬೇಕಾದ್ದು ಎರಡು. ಒಂದು, ಕ್ಯಾಥೊಲಿಕ್ ಪ್ಯಾರಿಷ್ ಬೇರೆ, ಸರ್ಕಾರದ ಲೆಕ್ಕದ ಪ್ಯಾರಿಷ್ ಬೇರೆ. ಹೆಸರೂ ಗಡಿಯೂ ಹೊಂದದಿರಬಹುದು. ಇನ್ನೊಂದು, ಪುಟಗಳು ಲ್ಯಾಟಿನ್‌ನಲ್ಲಿರಬಹುದು. ಜೇಮ್ಸ್ ಅಲ್ಲಿ ಯಾಕೋಬುಸ್, ವಿಲಿಯಂ ಗುಲಿಯೆಲ್ಮುಸ್. ಶಾಯಿ ಮಾಸಿರುತ್ತದೆ, ಪಾದ್ರಿಯ ಕೈಬರಹ ಡಾಕ್ಟರ ಚೀಟಿಯನ್ನು ಮೀರಿಸಿರುತ್ತದೆ. ಒಂದು ಪುಟ ಪೂರ್ತಿ ಓದಿ ಅವರ ಅಕ್ಷರ ರೂಢಿಯಾದ ಮೇಲೆ ನಿಮ್ಮವರನ್ನು ಹುಡುಕಿ.

ಮದುವೆ ಹುಡುಕುವಾಗ ಫೆಬ್ರವರಿಯ ಪುಟ ಮೊದಲು ತೆಗೆಯಿರಿ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಮದುವೆ ಮಾಡುತ್ತಿರಲಿಲ್ಲ. ಹಾಗಾಗಿ ಅದಕ್ಕೆ ಮೊದಲಿನ ವಾರಗಳಲ್ಲಿ ನಮ್ಮ ಆಷಾಢದ ಮುಂಚಿನ ಹಾಗೆ ಸಾಲು ಸಾಲು ಮದುವೆ. 1911ರಿಂದ 45 ಕಳೆದರೆ 1866. ಆ ಫೆಬ್ರವರಿಯಲ್ಲೇ ಇದ್ದರು, ಗಂಡ ಹೆಂಡತಿ ಇಬ್ಬರೂ. 1864ರ ನಂತರದ ಮದುವೆಯಾದ್ದರಿಂದ ಸರ್ಕಾರಿ ದಾಖಲೆಯೂ ಇತ್ತು. ಅದರಲ್ಲಿ ಇಬ್ಬರ ಅಪ್ಪಂದಿರ ಹೆಸರು, ಕಸುಬು. ಅಮ್ಮಂದಿರ ಹೆಸರಿಗೆ ಆ ಫಾರಂನಲ್ಲಿ ಜಾಗವೇ ಇಲ್ಲ.

ಅಪ್ಪನ ಹೆಸರು ಸಿಗದಿದ್ದರೂ ಊಹಿಸಲು ಒಂದು ದಾರಿಯಿದೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಮೊದಲ ಮಗಳಿಗೆ ತಾಯಿಯ ತಾಯಿಯದು, ಎರಡನೆಯವಳಿಗೆ ತಂದೆಯ ತಾಯಿಯದು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲರೂ ಪಾಲಿಸಿದ್ದಾರೆ ಅಂತಲ್ಲ. ಸುಳಿವು ಅಷ್ಟೇ, ಸಾಕ್ಷಿಯಲ್ಲ.

ಅವರ ಉತಾರ

1864ರ ಹಿಂದಕ್ಕೆ ಹೋದರೆ ಚರ್ಚು ಬಿಟ್ಟರೆ ಹೊಲವೇ ಗತಿ. ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿ ಕರ ಹಾಕಲು 1847ರಿಂದ 1864ರವರೆಗೆ ಇಡೀ ದೇಶದ ಹೊಲ-ಮನೆಗಳ ಬೆಲೆ ಕಟ್ಟಿಸಿದ. ಗ್ರಿಫಿತ್ಸ್ ವ್ಯಾಲ್ಯುಯೇಷನ್ ಅಂತ ಹೆಸರು. ಆಸ್ಕ್ ಅಬೌಟ್ ಐರ್ಲೆಂಡ್ ವೆಬ್‌ಸೈಟಿನಲ್ಲಿ ನಕ್ಷೆ ಸಮೇತ ಉಚಿತ. ನೋಡಿದ ಕೂಡಲೇ ನನಗೆ ನಮ್ಮ ಉತಾರ ನೆನಪಾಯಿತು. ಉಳುವವನ ಹೆಸರು, ಯಾರಿಂದ ಗೇಣಿಗೆ ಪಡೆದ, ಎಷ್ಟು ಎಕರೆ, ಕಟ್ಟಿದ ಬೆಲೆ ಎಷ್ಟು. ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ, ಹೆಂಡತಿ ಮಕ್ಕಳದ್ದು ಇಲ್ಲ.

ಒಂದೇ ಟೌನ್‌ಲ್ಯಾಂಡ್‌ನಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರೆ ಗುಮಾಸ್ತ ಪಕ್ಕದಲ್ಲಿ ಅಪ್ಪನ ಹೆಸರನ್ನೋ ಕೂದಲ ಬಣ್ಣವನ್ನೋ ಕಸುಬನ್ನೋ ಬರೆದಿರುತ್ತಾನೆ. ಕೆಂಚಪ್ಪ, ಕರಿಯಪ್ಪ, ಬಡಿಗೇರ ಅಂದ ಹಾಗೆ. ಆ ಒಂದು ಪದ ಸಿಕ್ಕರೆ ಒಂದು ತಲೆಮಾರು ಹಿಂದಕ್ಕೆ ಹೋದಿರಿ ಅಂತಲೇ ಲೆಕ್ಕ. ಜೆರೆಮಾಯಾನ ಅಪ್ಪನ ಪಕ್ಕದಲ್ಲಿ ಹೀಗೆ ಅವನಪ್ಪನ ಹೆಸರಿತ್ತು. ಇದಕ್ಕೂ ಹಿಂದಿನದು 1823ರಿಂದ 1830ರ ದಶಕದ ಕೊನೆಯವರೆಗಿನ ಟೈಥ್ ಪುಸ್ತಕಗಳು. ಆಳುವವರ ಚರ್ಚಿಗೆ ಹೊಲದವರು ಕಟ್ಟಬೇಕಾದ ಕರದ ಪಟ್ಟಿ ಅದು. ನಾನು ಅಲ್ಲಿಗೆ ನಿಂತೆ.

ಗ್ರಿಫಿತ್ ಪಟ್ಟಿ ಓದುವಾಗ ಅದರ ಕಾಲ ಮರೆಯಬೇಡಿ. ಆಲೂಗಡ್ಡೆಗೆ ರೋಗ ಬಿದ್ದು 1845ರಿಂದ ಬರ. ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಸ್ಕಿಬರೀನ್ ಅತಿ ಹೆಚ್ಚು ನರಳಿದ ಕಡೆಗಳಲ್ಲಿ ಒಂದು. ಅಲ್ಲಿನ ಆಬಿಸ್ಟ್ರೂರಿ ಸ್ಮಶಾನದ ದೊಡ್ಡ ಗುಂಡಿಗಳಲ್ಲಿ 8,000ದಿಂದ 10,000 ಜನ ಇದ್ದಾರೆ ಎಂಬ ಅಂದಾಜಿದೆ. ಹೆಸರಿಲ್ಲ, ಕಲ್ಲಿಲ್ಲ. ಪಟ್ಟಿಯಲ್ಲಿರುವವರು ಬದುಕಿ ಉಳಿದವರು.

ಉಳಿದ ಸಣ್ಣಪುಟ್ಟ

ಡಿಎನ್‌ಎ ಪರೀಕ್ಷೆ ಮಾಡಿಸುವುದಾದರೆ ಮನೆಯ ಹಿರಿಯರಿಗೆ ಮಾಡಿಸಿ. ನಾನು ಗಂಡನ ಬದಲು ಅತ್ತೆಯ ಉಗುಳು ಕಳಿಸಿದೆ. ಒಂದು ತಲೆಮಾರು ಹತ್ತಿರ, ನೆಂಟರು ಜಾಸ್ತಿ ಸಿಗುತ್ತಾರೆ. ಎಷ್ಟು ಶೇಕಡಾ ಐರಿಷ್ ಅನ್ನುವ ಬಣ್ಣದ ನಕ್ಷೆಯಿಂದ ಏನೂ ಉಪಯೋಗವಿಲ್ಲ. ಹೊಂದುವ ನೆಂಟರ ಪಟ್ಟಿಯೇ ಮುಖ್ಯ, ಅವರಿಗೆ ಪತ್ರ ಬರೆಯಿರಿ.

ಉತ್ತರ ಐರ್ಲೆಂಡಿನ ಆರು ಕೌಂಟಿಯವರಾದರೆ ಬೆಲ್‌ಫಾಸ್ಟ್‌ನ ಪ್ರೋನಿ ದಾಖಲಾಲಯದ ಬಾಗಿಲು ತಟ್ಟಿ. ಟೌನ್‌ಲ್ಯಾಂಡ್‌ನ ಹೆಸರಿನ ಕಾಗುಣಿತ ಹತ್ತು ತರ ಇದ್ದರೆ ಲಾಗ್‌ಇನಮ್ ಎಂಬ ಊರ ಹೆಸರುಗಳ ವೆಬ್‌ಸೈಟ್ ನೋಡಿ. ಪಾಸ್‌ಪೋರ್ಟ್ ಸಿಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಅಜ್ಜನೋ ಅಜ್ಜಿಯೋ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಹೆಸರು ನೋಂದಾಯಿಸಿ ಪೌರತ್ವ ಪಡೆಯಬಹುದು. ಅತ್ತೆಗೆ ಸಿಗುತ್ತದೆ. ಗಂಡನಿಗೆ ಇಲ್ಲ, ಅವರು ಹುಟ್ಟುವ ಮುಂಚೆಯೇ ಅತ್ತೆ ನೋಂದಾಯಿಸಿದ್ದರೆ ಸಿಗುತ್ತಿತ್ತು. ಈ ವಿಷಯ ನಮ್ಮ ಮನೆಯಲ್ಲಿ ಎತ್ತುವ ಹಾಗಿಲ್ಲ.

ಹೋದ ಸಲ ಊರಿಗೆ ಹೆಳವ ಬಂದಿದ್ದನಂತೆ, ಈಗ ಮೋಟರ್ ಸೈಕಲ್ ಮೇಲೆ. ಹಳೆಯ ಹೆಳವನ ಮೊಮ್ಮಗ. ಅವ್ವ ಫೋನ್ ಮಾಡಿ ಅವನ ಕೈಗೇ ಕೊಟ್ಟಳು. ಹೆಣ್ಣುಮಕ್ಕಳ ಕಡೆಯದು ಬರೆಯುವ ರೂಢಿ ಇಲ್ಲ ಅಂದ. ಹಿಂದೆ ಅವ್ವ, "ಜ್ವಾಳ ಬೇಕಿದ್ರ ಬರಿ" ಅಂದದ್ದು ಕೇಳಿಸಿತು. ಮಗಳ ಹೆಸರು ಬರೆದುಕೊಂಡ, ಅಳಿಯನ ಹೆಸರು ಬರೆದುಕೊಂಡ. "ಅವರ ಮೂಲ ಊರು ಯಾವುದ್ರೀ ಅಕ್ಕಾರ?" ಅಂದ. ಟೌನ್‌ಲ್ಯಾಂಡ್‌ನ ಹೆಸರು ಹೇಳಿದೆ. ಒತ್ತಕ್ಷರ ಎಲ್ಲಿ ಬರುತ್ತದೆ ಅಂತ ಎರಡು ಸಲ ಕೇಳಿ ಬರೆದುಕೊಂಡ.